ಹೊಸ ಬೆಕ್ಕು ತರೋ ಮುಂಚೆ ಮನ್ಯಾಗಿನ ಬೆಕ್ಕಿನ ವಿಚಾರ ಮಾಡ್ರಿ

ಹೋದ ಸಲ ಲದ್ದಿಹುಳದ ಬಗ್ಗೆ ಬರೆದಿದ್ದೆ, ಇವತ್ತು ಬೆಕ್ಕಿನ ಬಗ್ಗೆ ಬರೀತೀನಿ. ನಗಬ್ಯಾಡ್ರಿ. ಗೋವಿನಜೋಳ ಮಾಡಿಸಿ ಚೀಲ ತುಂಬಿ ಪಡಸಾಲ್ಯಾಗ ಒಟ್ಟಿದ ಮ್ಯಾಲ ರೇಟ್ ಬರೋ ತನಕ ಅದನ್ನ ಕಾಯೋದು ನಾವಲ್ಲ, ಬೆಕ್ಕು.

ಈ ಸುಗ್ಗಿ ಮುಗಿದ ಮ್ಯಾಲ ನಾಕೈದು ಮಂದಿ ನನಗ ಒಂದ ಮಾತು ಹೇಳ್ಯಾರ. "ಕಾಕಾ, ಇಲಿ ಕಾಟ ಭಾಳ ಆಗೇತಂತ ಇನ್ನೊಂದು ಬೆಕ್ಕು ತಂದ್ವಿ. ಮನ್ಯಾಗಿನ ಬೆಕ್ಕು ಮೈಮ್ಯಾಲ ಬಿತ್ತು, ಮೂರ ದಿನಕ್ಕ ಹೊಸದು ಓಡಿ ಹೋತು." ಹೆಂಗ ತಂದ್ರಿ ಅಂತ ಕೇಳಿದ್ರ ಎಲ್ಲಾರದ್ದೂ ಒಂದ ಉತ್ತರ. ಚೀಲದಾಗ ಹಾಕ್ಕೊಂಡು ಬಂದು, ಪಡಸಾಲ್ಯಾಗ ಚೀಲದ ಬಾಯಿ ಬಿಚ್ಚಿದ್ವಿ. ಇದರಾಗ ಬೆಕ್ಕಿನ ತಪ್ಪು ಏನೂ ಇಲ್ಲ, ಪೂರಾ ನಮ್ಮದ ತಪ್ಪು ಅಂತ ನನ್ನ ಅಭಿಪ್ರಾಯ. ಯಾಕಂದ್ರ ನಾನೂ ಒಮ್ಮೆ ಹಂಗ ಚೀಲ ಬಿಚ್ಚಿದವನು.

ಆರು ವರ್ಷದ ಹಿಂದಿನ ಮಾತು. ನಮ್ಮ ಅವ್ವ ಸಾಕಿದ ಒಂದು ಬೂದಿ ಬಣ್ಣದ ಬೆಕ್ಕಿತ್ತು. ವಯಸ್ಸಾಗಿತ್ತು, ಇಲಿ ಹಿಡಿಯೋದು ಕಮ್ಮಿ ಆಗಿತ್ತು. ನಾನು ಒಂದು ದೊಡ್ಡ ಗಂಡಬೆಕ್ಕು ತಂದು ಸೀದಾ ಮನ್ಯಾಗ ಬಿಟ್ಟೆ. ಎರಡು ರಾತ್ರಿ ಒಂದ ಸಮನೆ ಜಗಳ. ಮೂರನೇ ದಿನ ಮನಿ ಬಿಟ್ಟು ಹೋಗಿದ್ದು ಹೊಸ ಬೆಕ್ಕಲ್ಲ, ಅವ್ವನ ಬೆಕ್ಕು. ಹಿಂದಿನ ಮನಿಯವರ ಬಣವ್ಯಾಗ ಸೇರಿಕೊಂಡಿತು. ಅವ್ವ ನನಗ ಬೈಲಿಲ್ಲ. ದಿನಾ ಸಂಜಿಗೆ ಹಿತ್ತಲ ಬಾಗಿಲಾಗ ನಿಂತು ಕರೀತಿದ್ಲು. ಅದು ಗ್ವಾಡಿ ಮ್ಯಾಲ ಬಂದು ಕುಂದ್ರೋದು, ಒಳಗ ನೋಡೋದು, ಇಳಿದು ಹೋಗೋದು. ಒಂದೂವರೆ ತಿಂಗಳಾದ ಮ್ಯಾಲ ಬಣವಿ ಬುಡದಾಗ ಸತ್ತು ಬಿದ್ದಿತ್ತು. ಪಾಷಾಣ ತಿಂದ ಇಲೀನ ತಿಂತೋ, ನಾಯಿ ಹಿಡೀತೋ, ನೋಡಿದವರು ಯಾರೂ ಇಲ್ಲ. ಮನ್ಯಾಗ ಇದ್ದಿದ್ರ ಹಂಗ ಸಾಯ್ತಿರಲಿಲ್ಲ, ಅಷ್ಟು ಮಾತ್ರ ನನಗ ಗೊತ್ತು.

ಬೆಕ್ಕಿಗೆ ಮನಿ ಅಂದ್ರ ವಾಸನಿ. ಬಾಗಿಲ ಚೌಕಟ್ಟಿಗೆ, ಕಂಬಕ್ಕ, ಚೀಲದ ಮೂಲಿಗೆ, ನಮ್ಮ ಕಾಲಿಗೆ ಗಲ್ಲ ತಿಕ್ಕತೈತಲ್ರೀ, ಅದು ಪ್ರೀತಿ ಅಷ್ಟ ಅಲ್ಲ. ಇದು ನಂದು ಅಂತ ಗುರುತು ಹಾಕೋದು, ನಾವು ಬದುವಿಗೆ ಕಲ್ಲು ನೆಟ್ಟಂಗ. ಮುಂಜಾನೆ ಎದ್ದು ಹೊಲಕ್ಕ ಹೋದಾಗ ಯಾರೋ ನಿಮ್ಮ ಬದು ಒಡೆದು ಕೂರಿಗಿ ಹೂಡ್ಯಾರ ಅಂದ್ರ, ಬರ್ರಿ ಚಾ ಕುಡೀರಿ ಅಂತ ಕರೀತೀರೇನು? ನಾಯಿ ಹಿಂಡಿನ್ಯಾಗ ಬೇಟಿ ಆಡೋ ಜಾತಿ, ಹೊಸಬರನ್ನ ಲಗೂನ ಒಪ್ಪಿಕೊಳ್ಳತೈತಿ. ಬೆಕ್ಕು ಒಂಟಿ ಬೇಟೆಗಾರ. ಮನುಷ್ಯ ಕಾಳು ಕೂಡಿಡೋಕೆ ಶುರು ಮಾಡಿದ ಮ್ಯಾಲ ಇಲಿ ಬಂದ್ವು, ಇಲಿ ಹಿಂದ ಬೆಕ್ಕು ಬಂತು. ಸೈಪ್ರಸ್ ಅನ್ನೋ ದ್ವೀಪದಾಗ ಸುಮಾರು 9,500 ವರ್ಷದ ಹಿಂದಿನ ಸಮಾಧಿಯೊಳಗ ಮನುಷ್ಯನ ಬಾಜೂಕ ಬೆಕ್ಕಿನ ಎಲುಬು ಸಿಕ್ಕಾವ. ಇಷ್ಟು ಸಾವಿರ ವರ್ಷ ನಮ್ಮ ಜೋಡಿ ಇದ್ರೂ ಅದರ ಒಂಟಿ ಸ್ವಭಾವ ಪೂರ್ತಿ ಹೋಗಿಲ್ಲ.

ಹೊಸ ಎತ್ತು ತಂದ್ರ ಅವತ್ತ ಹಳೇ ಎತ್ತಿನ ಜೋಡಿ ನೊಗಕ್ಕ ಹೂಡತೀವೇನ್ರೀ? ಬ್ಯಾರೆ ಗೂಟಕ್ಕ ಕಟ್ಟಿ, ನಾಕು ದಿನ ಒಂದನ್ನೊಂದು ಮೂಸಿ ನೋಡ್ಲಿ ಅಂತ ಬಿಡತೀವಿ. 2022ರಾಗ ಚರ್ಮಗಂಟು ರೋಗ ಬಂದ ಮ್ಯಾಲಂತೂ ಹೊರಗಿನ ದನ ತಂದ್ರ ದೂರ ಕಟ್ಟೋದನ್ನ ಎಲ್ಲಾರೂ ಕಲ್ತೀವಿ. ಎತ್ತಿಗೆ ತೋರಿಸೋ ಶಾಣ್ಯಾತನ ಬೆಕ್ಕಿಗೆ ಯಾಕ ಬ್ಯಾಡ?

ಹೋದ ವರ್ಷ ಮೆಣಸಿನಕಾಯಿ ಮಾರಾಕ ಬ್ಯಾಡಗಿಗೆ ಹೋದಾಗ ಒಂದು ದಲಾಲಿ ಅಂಗಡ್ಯಾಗ ನಾಕು ತಿಂಗಳ ಹೆಣ್ಣಮರಿ ಕೊಟ್ರು. ಹೆಸರು ಬ್ಯಾಡಗಿ ಅಂತಲೇ ಇಟ್ವಿ. ಮನ್ಯಾಗ ಆವಾಗ ಎರಡಿದ್ವು. ಕೆಂಚಿ ಅಂತ ಏಳು ವರ್ಷದ ಹೆಣ್ಣು, ಕರಿಯ ಅಂತ ಗಂಡು. ಈ ಸಲ ಚೀಲ ಬಿಚ್ಚಲಿಲ್ಲ. ಸಾಮಾನಿನ ಕೋಣಿ ಖಾಲಿ ಮಾಡಿದೆ. ಗೊಬ್ಬರದ ಚೀಲ, ಔಷಧದ ಬಾಟ್ಲಿ ಎಲ್ಲಾ ಹೊರಗ ಹಾಕಿದೆ. ಬೆಕ್ಕು ಕಾಲಿಗೆ ಹತ್ತಿದ್ದನ್ನೆಲ್ಲಾ ನೆಕ್ಕತೈತಿ, ಹಂಗಾಗಿ ಫಿನಾಯಿಲ್ ಹಾಕಿ ಒರೆಸಲಿಲ್ಲ, ಅದು ಬೆಕ್ಕಿಗೆ ವಿಷ. ಒಂದು ಬುಟ್ಟ್ಯಾಗ ಉಸುಕು, ನೀರು, ಅಡಗಿಕೊಳ್ಳಾಕ ಒಂದು ರಟ್ಟಿನ ಡಬ್ಬಿ. ಬಾಗಿಲು ಹಾಕಿಬಿಟ್ಟೆ.

ಎರಡು ವಾರ ಹಂಗ ಇಡೋದಕ್ಕ ಇನ್ನೊಂದು ಕಾರಣ ರೋಗ. ಪ್ಯಾನ್‌ಲ್ಯೂಕೋಪೀನಿಯಾ ಅಂತ ಒಂದೈತಿ, ವಾಂತಿ ಭೇದಿ ಶುರು ಆಗಿ ಕೆಲವೇ ದಿನದಾಗ ಮರಿ ಸಾಯತಾವ, ಇದ್ದ ಬೆಕ್ಕಿಗೂ ಹತ್ತತೈತಿ. ಅದಕ್ಕೂ ಲಸಿಕಿ ಐತಿ, ಹುಚ್ಚುರೋಗಕ್ಕೂ ಐತಿ. ಪಶು ಡಾಕ್ಟರಿಗೆ ತೋರಿಸಿ ಹಾಕಿಸ್ರಿ.

ಆಮ್ಯಾಲ ವಾಸನಿ ಪರಿಚಯ. ನನ್ನ ಹಳೇ ಟವೆಲ್ ತಗೊಂಡು ಬ್ಯಾಡಗಿಯ ಗಲ್ಲಕ್ಕ ತಿಕ್ಕಿ ಕೆಂಚಿ ಮಲಗೋ ಜಾಗದ ಹತ್ರ ಇಟ್ಟೆ. ಕೆಂಚಿ ಆ ಟವೆಲ್ಲಿಗೆ ಬುಸ್ ಅಂತು! ನನ್ನ ಹೆಂಡತಿ ನಕ್ಕಿದ್ದ ನಕ್ಕಿದ್ದು. ಮೂರನೇ ದಿನ ಬರೇ ಮೂಸಿತು, ಐದನೇ ದಿನ ಅದರ ಮ್ಯಾಲ ಮಲಗಿತು. ಕೆಂಚಿಯ ವಾಸನಿ ಬಟ್ಟೀನೂ ಹಂಗ ಒಳಗ ಇಟ್ಟಿದ್ದೆ. ಊಟ ಮಾತ್ರ ಬಾಗಿಲಿನ ಎರಡೂ ಕಡೆ, ಒಂದ ಹೊತ್ತಿಗೆ. ಮೊದಲು ಹಳೇ ಬೆಕ್ಕಿನ ತಾಟು ನಾಕು ಮಾರು ದೂರ, ದಿನಾ ಒಂದು ಗೇಣು ಹತ್ರ. ಆಚೆ ಕಡೆ ವಾಸನಿ ಬಂದಾಗ ಹೊಟ್ಟಿ ತುಂಬತೈತಿ ಅಂತ ಅದರ ತಲ್ಯಾಗ ಕುಂದರಬೇಕು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕತಿ ಎಲ್ಲಾರಿಗೂ ಗೊತ್ತು. ಮೊದಲ ದಿನ ಕುದಿಯೋ ಹಾಲಿಗೆ ಬಾಯಿ ಸುಟ್ಟುಕೊಂಡದ್ದು ಮುಂದ ಹಾಲು ಕಂಡ್ರ ಓಡತಿತ್ತು. ಬೆಕ್ಕಿನ ಮೊದಲ ಭೇಟಿನೂ ಹಂಗ, ಒಮ್ಮೆ ಸುಟ್ರ ಮುಗೀತು.

ಎಲ್ಲಾ ಸರಳ ಆತು ಅಂತ ತಿಳೀಬ್ಯಾಡ್ರಿ. ಒಂಬತ್ತನೇ ದಿನ ಮೊಮ್ಮಗ ಬಾಗಿಲು ತೆಗೆದ. ಕೆಂಚಿ ಒಳಗ ನುಗ್ಗಿ ಮರೀನ ಮೂಲಿಗೆ ಒತ್ತಿ ಹಿಡೀತು. ನಾನು ಕೈ ಹಾಕಲಿಲ್ಲ, ನಡುವ ಮೊರ ಸರಿಸಿದೆ. ಜಗಳದಾಗ ಕೈ ಹಾಕಿದ್ರ ಕಚ್ಚೋದು ನಿಮ್ಮನ್ನ. ಕಚ್ಚಿದ್ರ ಅರಿಶಿಣ ಮೆತ್ತಿ ಕುಂದರಬ್ಯಾಡ್ರಿ, ಹರಿಯೋ ನೀರಾಗ ಸಬಕಾರ ಹಚ್ಚಿ ಹದಿನೈದು ನಿಮಿಷ ತೊಳೆದು ಅವತ್ತ ಆಸ್ಪತ್ರಿಗೆ ಹೋಗ್ರಿ. ಹುಚ್ಚುರೋಗ ನಾಯಿಯಿಂದ ಮಾತ್ರ ಬರತೈತಿ ಅನ್ನೋದು ತಪ್ಪು. ಅವತ್ತು ಯಾರಿಗೂ ಏನೂ ಆಗಲಿಲ್ಲ, ಆದರ ಟವೆಲ್ಲಿನಿಂದ ಮತ್ತ ಶುರು ಮಾಡಬೇಕಾತು.

ಆಮ್ಯಾಲ ಬಾಗಿಲಿಗೆ ತಂತಿ ಜಾಳಿಗಿ ಬಡಿದು ಒಂದನ್ನೊಂದು ನೋಡಾಕ ಬಿಟ್ಟೆ. ಬುಸ್ ಅಂದ್ರ, ಗುರ್ ಅಂದ್ರ ಹೆದರಬ್ಯಾಡ್ರಿ, ಅದು ಬೆಕ್ಕಿನ ಮಾತು. ಕಣ್ಣು ಪಿಳುಕಿಸದಂಗ ಮೈ ಬಿಗಿ ಹಿಡಿದು ನೋಡಾಕತ್ರ ಮಾತ್ರ ನಡುವ ಏನರ ಅಡ್ಡ ಹಿಡೀರಿ. ಕರಿಯ ಒಂದ ವಾರದಾಗ ಹೊಂದಿಕೊಂಡ. ಕೆಂಚಿಗೆ ನಲವತ್ತು ದಿನ ಹಿಡೀತು. ಈಗ ಮೂರಕ್ಕೂ ತಾಟು ಬ್ಯಾರೆ, ಜಾಗಾ ಬ್ಯಾರೆ. ಮೂರಕ್ಕೂ ಒಂದ ತಾಟು ಇಟ್ಟು ಜಗಳಾಡತಾವ ಅನ್ನೋದು ಯಾವ ನ್ಯಾಯ?

"ಬೆಕ್ಕಿಗೆ ಇಷ್ಟೆಲ್ಲಾ ಯಾರ ಮಾಡ್ತಾರ? ನಮ್ಮ ಅಜ್ಜಾರು ಮಾಡತಿದ್ರೇನು?" ಅಂತ ಕೇಳಾವ್ರು ಅದಾರ. ಅಜ್ಜಾರು ಮಾಡತಿರಲಿಲ್ಲ, ಖರೇ. ಅವರ ಕಾಲಕ್ಕ ಕಾಳು ಹಗೇವಿನ್ಯಾಗ ಇರತಿತ್ತು. ಮನಿಗೆ ಅಟ್ಟ ಇತ್ತು, ದನದ ಕೊಟ್ಟಿಗಿ ಇತ್ತು, ಹಿತ್ತಲದಾಗ ಬಣವಿ ಇತ್ತು. ಹೊಡೆತ ತಿಂದ ಬೆಕ್ಕು ಅಟ್ಟ ಏರಿ ನಾಕು ದಿನ ಅಲ್ಲೇ ಇದ್ದು ತಾನಾಗೇ ಇಳೀತಿತ್ತು. ತಾಯಿಬೆಕ್ಕು ಮರಿ ಕಚ್ಚಿಕೊಂಡು ಏಳು ಮನಿ ತಿರುಗಿ ತಾನ ಜಾಗಾ ನೋಡತಿತ್ತು. ಈಗ ನಮ್ಮದು ಆರ್‌ಸಿಸಿ ಮನಿ. ಎರಡು ಕೋಣಿ, ಕಿಟಕಿಗೆ ಜಾಳಿಗಿ, ಒಂದ ಬಾಗಿಲು. ಮನಿ ನಾವು ಬದಲಿ ಮಾಡಿದ್ವಿ, ಬೆಕ್ಕು ಮಾತ್ರ ಹಳೇ ಮನ್ಯಾಗಿದ್ದಂಗ ಇರಬೇಕು ಅಂದ್ರ ಹೆಂಗ? ಹೊಲದಾಗ ಮನಿ ಇದ್ದವರಿಗೆ, ದೊಡ್ಡ ಕೊಟ್ಟಿಗಿ ಇದ್ದವರಿಗೆ ಇಷ್ಟು ತ್ರಾಸು ಬೇಕಾಗಾಂಗಿಲ್ಲ, ಅದನ್ನ ಒಪ್ಪತೀನಿ. ಅವರೂ ಮೊದಲ ನಾಕು ದಿನ ಒಂದು ಕಡೆ ಕೂಡಿ ಹಾಕಿದ್ರ ಚಲೋ, ಇಲ್ಲಾಂದ್ರ ಅದು ತಂದ ಊರಿನ ದಾರಿ ಹುಡುಕತೈತಿ.

ಒಂದು ತಿಂಗಳು ಒಂದು ಕೋಣಿ ಬಿಟ್ಟುಕೊಡಾಕ ಆಗದಿದ್ರ ಎರಡನೇ ಬೆಕ್ಕು ತರಬ್ಯಾಡ್ರಿ. ಇದ್ದ ಬೆಕ್ಕು ಮುದಿ ಆಗಿ ಹಲ್ಲು ಬಿದ್ದಿದ್ರಂತೂ ತರಲೇಬ್ಯಾಡ್ರಿ, ಒಂದು ವರ್ಷ ಇಲಿ ಬೋನು ಇಟ್ಟು ನಡೆಸ್ರಿ. ಪಾಷಾಣ ಮತ್ತ ಬೆಕ್ಕು ಎರಡೂ ಒಂದ ಮನ್ಯಾಗ ಬ್ಯಾಡ. ಹಸಿದ ಬೆಕ್ಕು ಹೆಚ್ಚು ಇಲಿ ಹಿಡೀತೈತಿ ಅಂತ ಉಪವಾಸ ಕೆಡವಾವ್ರಿಗೂ ಒಂದು ಮಾತು. ಹೊಟ್ಟಿ ತುಂಬಿದ ಬೆಕ್ಕೂ ಬೇಟಿ ಆಡತೈತಿ. ಉಪವಾಸ ಬಿದ್ದದ್ದು ಮತ್ತೊಬ್ಬರ ಮನಿ ಸೇರತೈತಿ.

ಬ್ಯಾಡಗಿಗೆ ಮೊನ್ನೆ ಆಪರೇಷನ್ ಮಾಡಿಸಿದ್ವಿ, ಮರಿ ಕೇಳಾಕ ಬರಬ್ಯಾಡ್ರಿ. ರಾತ್ರಿ ಗೋವಿನಜೋಳದ ಚೀಲದ ಮ್ಯಾಲ ಕೆಂಚಿ ಒಂದು ಕಡೆ, ಬ್ಯಾಡಗಿ ಒಂದು ಕಡೆ ಮಲಗತಾವ. ಕೆಂಚಿ ಇನ್ನೂ ಪೂರ್ತಿ ಒಪ್ಪಿಲ್ಲ. ನಡುವ ಎರಡು ಚೀಲದ ಜಾಗಾ ಬಿಟ್ಟಿರತೈತಿ. ಸಂಕ್ರಾಂತಿ ಹೊತ್ತಿಗೆ ಅದು ಐದು ಚೀಲ ಇತ್ತು.