ಉಳುಮೆಯ ಲೆಕ್ಕ, ಹುಲ್ಲಿನ ಲೆಕ್ಕ

೨೦೨೪ರ ಆದಿಭಾಗದಲ್ಲಿ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೊಡನೆ ನಾವು ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಂದು ವಾರ ಬೀಡುಬಿಟ್ಟಿದ್ದೆವು. ಹವಾಮಾನದ ಏರುಪೇರಿಗೆ ಹೊಂದಿಕೊಳ್ಳುವ ಬೇಸಾಯವನ್ನು ಕುರಿತು ಒಂದು ಸಂಜೆ ಉಪನ್ಯಾಸ ಮಾಡುವ ಹೊಣೆ, ಕೃಷಿಶಾಸ್ತ್ರದವರು ಯಾರೂ ಸಿಗದ ಕಾರಣ, ಭೌತಶಾಸ್ತ್ರದವರಾದ ನಮ್ಮ ಪಾಲಿಗೆ ಬಂದಿತು. ನೆಲವನ್ನು ಆದಷ್ಟು ಕಡಮೆ ಉಳಬೇಕು, ಕೊಯ್ಲಾದ ಮೇಲೆ ಹುಲ್ಲನ್ನು ಹೊಲದಲ್ಲಿಯೇ ಹೊದಿಕೆಯಾಗಿ ಬಿಡಬೇಕು, ಒಂದೇ ಪೈರನ್ನು ವರ್ಷವರ್ಷವೂ ಬೆಳೆಯಬಾರದು ಎಂಬ ಮೂರು ಸೂತ್ರಗಳನ್ನು ಅರ್ಧ ಗಂಟೆಯ ಕಾಲ ಉತ್ಸಾಹದಿಂದ ವಿವರಿಸಿದೆವು. ಮಾತು ಮುಗಿದ ಮೇಲೆ ಹಿಂದೆ ಕುಳಿತಿದ್ದ ಹಿರಿಯ ರೈತರೊಬ್ಬರು ಎದ್ದುನಿಂತು, “ಮೇಷ್ಟ್ರೇ, ನೀವು ಹೇಳಿದ್ದೆಲ್ಲ ಸರಿ. ರಾಗಿಹುಲ್ಲನ್ನ ಹೊಲಕ್ಕೆ ಹಾಸಿಬಿಟ್ರೆ ನಮ್ಮ ಹಸ ಏನು ತಿನ್ಬೇಕು?” ಎಂದು ಕೇಳಿದರು. ಸಭೆ ನಕ್ಕಿತು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯನ್ನು ನಾವು ಅಂದು ವಿನೋದವೆಂದು ಬಗೆದು ಸುಮ್ಮನಾದೆವು. ಆಮೇಲೆ ಈ ವಿಷಯದಲ್ಲಿ ಓದುತ್ತ ಹೋದಂತೆ, ಪ್ರಪಂಚದ ಅನೇಕ ಕಡೆಗಳಲ್ಲಿ ತಜ್ಞರನ್ನು ತಡೆದು ನಿಲ್ಲಿಸಿರುವುದೂ ಅದೇ ಪ್ರಶ್ನೆಯೆಂಬುದು ನಮಗೆ ಮನದಟ್ಟಾಯಿತು. ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಹಲವರು ಒಕ್ಕಲು ಮನೆತನದವರು. ನಾಳೆ ಊರಿಗೆ ಹೋಗಿ ತಂದೆಯವರೊಡನೆ ಹೊಸ ಬೇಸಾಯದ ಮಾತೆತ್ತುವವರೂ ಅವರೇ. ಆದಕಾರಣ ಲೆಕ್ಕವನ್ನು ಎರಡು ಬದಿಗಳಿಂದಲೂ ನೋಡುವುದು ಅಗತ್ಯ.

ಮೊದಲು ಉಳುಮೆಯನ್ನೇ ತೆಗೆದುಕೊಳ್ಳೋಣ. ಒಂದು ಎಕರೆಯೆಂದರೆ ೪,೦೪೭ ಚದರ ಮೀಟರು. ಅದನ್ನು ೧೫ ಸೆಂಟಿಮೀಟರು ಆಳಕ್ಕೆ ಉತ್ತರೆ ನಾವು ಕದಲಿಸುವ ಮಣ್ಣು ೬೦೦ ಘನಮೀಟರಿಗೂ ಮಿಕ್ಕು. ತೂಕ ೮೦೦ ಟನ್ನುಗಳಷ್ಟಾದೀತು. ನೇಗಿಲಿನ ಒಂದು ಸಾಲು ೧೫ ಸೆಂಟಿಮೀಟರು ಅಗಲವೆಂದು ಇಟ್ಟುಕೊಂಡರೆ, ಒಂದು ಎಕರೆಯನ್ನು ಒಂದು ಸಲ ಉಳಲು ಎತ್ತುಗಳೂ ಅವುಗಳ ಹಿಂದಿನ ಮನುಷ್ಯನೂ ೨೭ ಕಿಲೋಮೀಟರು ನಡೆಯಬೇಕು. (ಭಾಗಾಕಾರವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.) ಬಿತ್ತನೆಗೆ ಮುಂಚೆ ಇದನ್ನು ಮೂರು ನಾಲ್ಕು ಸಲ ಮಾಡುವ ರೂಢಿ ನಮ್ಮಲ್ಲಿ ಉಂಟು. ಇಷ್ಟೊಂದು ಶ್ರಮ ಏತಕ್ಕೆ?

೧೮ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜೆತ್ರೊ ಟಲ್ ಎಂಬಾತನು ಸಸ್ಯದ ಬೇರುಗಳು ಮಣ್ಣಿನ ಅತಿಸೂಕ್ಷ್ಮ ಕಣಗಳನ್ನೇ ಆಹಾರವಾಗಿ ಸೇವಿಸುತ್ತವೆಂದು ನಂಬಿದ್ದನು; ನೆಲವನ್ನು ಎಷ್ಟು ಪುಡಿಮಾಡಿದರೆ ಅಷ್ಟು ಒಳ್ಳೆಯದೆಂಬುದು ಅವನ ಸಿದ್ಧಾಂತ. ಆ ನಂಬಿಕೆ ಬಿದ್ದುಹೋದ ಮೇಲೆ ನಮ್ಮ ಶಾಸ್ತ್ರದಿಂದಲೇ ಮತ್ತೊಂದು ಸಮರ್ಥನೆ ಹುಟ್ಟಿತು. ಸಪೂರವಾದ ಗಾಜಿನ ನಳಿಗೆಯಲ್ಲಿ ನೀರು ತಾನಾಗಿ ಮೇಲೇರುವುದನ್ನು ಪ್ರಯೋಗಶಾಲೆಯಲ್ಲಿ ಎಲ್ಲರೂ ನೋಡಿದ್ದೀರಿ. ಮಣ್ಣಿನ ಕಣಗಳ ನಡುವಣ ಸಂದುಗಳೂ ಅಂಥ ನಳಿಗೆಗಳೇ. ಮೇಲ್ಮಣ್ಣನ್ನು ಕದಡಿ ಪುಡಿಮಾಡಿದರೆ ನಳಿಗೆಗಳು ಕತ್ತರಿಸಿಹೋಗಿ ಕೆಳಗಿನ ತೇವವು ಮೇಲೇರಿ ಆವಿಯಾಗದೆ ಉಳಿಯುತ್ತದೆ ಎಂದು ವಾದಿಸಲಾಯಿತು. ಕೇಳಲು ಬಹಳ ಸೊಗಸಾದ ವಾದ. ಆದರೆ ರಾಥಮ್‌ಸ್ಟೆಡ್ ಸಂಶೋಧನ ಕೇಂದ್ರದಲ್ಲಿ ಮಣ್ಣಿನ ಭೌತಶಾಸ್ತ್ರ ವಿಭಾಗವನ್ನು ನಡೆಸುತ್ತಿದ್ದ ಬರ್ನಾರ್ಡ್ ಕೀನ್ ಅವರು ಅಳೆದು ನೋಡಲಾಗಿ, ಅಂತರ್ಜಲ ಆಳದಲ್ಲಿರುವ ನೆಲಗಳಲ್ಲಿ ಹೀಗೆ ಮೇಲೇರುವ ನೀರು ಪುಸ್ತಕಗಳು ಹೇಳುತ್ತಿದ್ದುದಕ್ಕಿಂತ ಬಹಳ ಕಡಮೆಯೆಂದು ಕಂಡುಬಂದಿತು. ೧೯೩೦ರ ದಶಕದಲ್ಲಿ ಕೀನ್ ಮತ್ತು ರಸೆಲ್ ಅವರು ಹೊಲಗಳಲ್ಲಿ ನಡೆಸಿದ ಪ್ರಯೋಗಗಳು ಇನ್ನೂ ಮುಂದೆ ಹೋದುವು. ಕಳೆಯನ್ನು ಅಡಗಿಸಲು ಎಷ್ಟು ಬೇಕೋ ಅಷ್ಟಕ್ಕಿಂತ ಹೆಚ್ಚು ನೆಲ ಕೆದಕಿದುದರಿಂದ ಇಳುವರಿಗೆ ಲಾಭವೇನೂ ಕಾಣಲಿಲ್ಲ.

ಕಳೆಯ ಮಾತನ್ನು ಇಲ್ಲಿ ಮರೆಯಬಾರದು. ಅದು ಮುಂದೆ ಮತ್ತೆ ಬರುತ್ತದೆ.

ಉಳುಮೆಯಿಂದಾಗುವ ಕೇಡೇನು? ಮಳೆಯ ಹನಿಯನ್ನು ನೋಡಿ. ಎರಡೂವರೆ ಮಿಲಿಮೀಟರು ಗಾತ್ರದ ಹನಿಯು ಸೆಕೆಂಡಿಗೆ ಸುಮಾರು ೭ ಮೀಟರು ವೇಗದಿಂದ ನೆಲಕ್ಕೆ ಬಡಿಯುತ್ತದೆ. ೨೫ ಮಿಲಿಮೀಟರು ಮಳೆಯಾದರೆ ಒಂದು ಎಕರೆಯ ಮೇಲೆ ೧೦೦ ಟನ್ನು ನೀರು ಬಿದ್ದಂತಾಯಿತು. ಅದರ ಒಟ್ಟು ಚಲನಶಕ್ತಿಯು, ಅಷ್ಟು ನೀರನ್ನು ಗಾಳಿಯ ತಡೆಯಿಲ್ಲದೆ ಎರಡೂವರೆ ಮೀಟರು ಎತ್ತರದಿಂದ ಕೆಡವಿದರೆ ಬರುವ ಶಕ್ತಿಗೆ ಸಮ. ಈ ಪೆಟ್ಟೆಲ್ಲ ಬಿಸಿಲಿಗೆ ಒಣಗಿ ಪುಡಿಯಾದ ಬರಿನೆಲದ ಮೇಲೆ ಬಿದ್ದಾಗ ಮಣ್ಣಿನ ಹರಳುಗಳು ಒಡೆದು, ಸಣ್ಣ ಕಣಗಳು ಸಂದುಗಳನ್ನು ಮುಚ್ಚಿ, ಮೇಲೆ ತೆಳುವಾದ ಹೆಪ್ಪು ಕಟ್ಟುತ್ತದೆ. ನಮ್ಮ ಕಡೆಯ ಕೆಂಪುಮಣ್ಣಿಗೆ ಈ ಚಾಳಿ ವಿಶೇಷ. ಆಮೇಲೆ ಬಿದ್ದ ನೀರು ಇಂಗದೆ ಹರಿದುಹೋಗುತ್ತದೆ. ಹೋಗುವಾಗ ಮಣ್ಣನ್ನೂ ಕೊಂಡೊಯ್ಯುತ್ತದೆ. ಅಮೆರಿಕದ ಬಯಲುಸೀಮೆಯಲ್ಲಿ ೧೯೩೦ರ ದಶಕದ ಬರಗಾಲದಲ್ಲಿ ಇದೇ ಕೆಲಸವನ್ನು ನೀರಿನ ಬದಲು ಗಾಳಿ ಮಾಡಿತು. ಹುಲ್ಲುಗಾವಲನ್ನು ಉತ್ತು ಬರಿದಾಗಿಸಿದ್ದ ನೆಲ ಧೂಳಾಗಿ ಹಾರಿತು. ಆ ಅನುಭವದ ಹಿನ್ನೆಲೆಯಲ್ಲಿಯೇ ೧೯೪೩ರಲ್ಲಿ ಎಡ್ವರ್ಡ್ ಫಾಕ್ನರ್ ಎಂಬವರು ಉಳುವವನ ಮೌಢ್ಯವೆಂಬ ಅರ್ಥದ ಹೆಸರಿಟ್ಟು ಒಂದು ಪುಸ್ತಕ ಬರೆದು ಕೋಲಾಹಲವೆಬ್ಬಿಸಿದರು.

ಈಗ ಅದೇ ನೆಲದ ಮೇಲೆ ಹುಲ್ಲಿನ ಹೊದಿಕೆಯಿದೆಯೆಂದು ಭಾವಿಸಿ. ಹನಿಯ ಪೆಟ್ಟನ್ನು ಹುಲ್ಲು ತಿನ್ನುತ್ತದೆ. ನೀರು ಮೆಲ್ಲನೆ ಇಳಿಯುತ್ತದೆ. ಬಿಸಿಲಿನಲ್ಲಿಯೂ ಉಪಕಾರವುಂಟು. ಒಂದು ಲೀಟರು ನೀರು ಆವಿಯಾಗಲು ಸುಮಾರು ೨೪.೫ ಲಕ್ಷ ಜೂಲ್ ಶಾಖ ಬೇಕು. ನಿರ್ಮಲವಾದ ಬೇಸಗೆಯ ದಿನ ಚದರ ಮೀಟರಿಗೆ ೨ ಕೋಟಿ ಜೂಲ್ ಬಿಸಿಲು ಬಿದ್ದರೆ, ಅದೆಲ್ಲವೂ ಒದ್ದೆನೆಲಕ್ಕೆ ತಗುಲಿದಲ್ಲಿ ಎಂಟು ಲೀಟರು ನೀರನ್ನು ಆವಿಮಾಡಬಲ್ಲುದು. ಹುಲ್ಲು ನೆಲಕ್ಕೆ ನೆರಳಾಗಿ, ತನ್ನ ಸಂದಿನಲ್ಲಿ ನಿಶ್ಚಲವಾದ ಗಾಳಿಯನ್ನು ಹಿಡಿದು, ಈ ನಷ್ಟವನ್ನು ತಗ್ಗಿಸುತ್ತದೆ. ರಾಗಿ ತೆನೆಗಟ್ಟುವ ಹೊತ್ತಿನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ, ಹೀಗೆ ಉಳಿದ ತೇವವೇ ಪೈರನ್ನು ಕಾಯಬೇಕು. ಮಳೆಯ ಕಾಲಮಾನ ಅಸ್ಥಿರವಾಗುತ್ತಿರುವ ಈ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮೇಲೆ ಹೇಳಿದ ಗುಣಗಳಲ್ಲಿ ಬಹುಪಾಲು ಹೊದಿಕೆಗೆ ಸೇರಿದವು. ಉಳದೆ ಬಿಟ್ಟು, ಹುಲ್ಲನ್ನೂ ಹೊತ್ತುಕೊಂಡು ಹೋದರೆ, ಉಳಿಯುವುದು ಗಟ್ಟಿಯಾದ ಬೋಳುನೆಲ ಮಾತ್ರ. ಇದು ನಮ್ಮ ಊಹೆಯಲ್ಲ. ೨೦೧೫ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪಿಟೆಲ್ಕೊ ಮತ್ತು ಅವರ ಸಹೋದ್ಯೋಗಿಗಳು ೬೩ ದೇಶಗಳ ೬೧೦ ಅಧ್ಯಯನಗಳನ್ನು ಕೂಡಿಸಿ ತೂಗಿದರು. ಉಳುಮೆ ಬಿಟ್ಟ ಹೊಲಗಳ ಇಳುವರಿ ಒಟ್ಟಿನ ಮೇಲೆ ಶೇಕಡ ೫.೭ರಷ್ಟು ಇಳಿದಿತ್ತು. ಹೊದಿಕೆ ಮತ್ತು ಬೆಳೆಯ ಪರಿವರ್ತನೆ ಇವೆರಡೂ ಜೊತೆಗೂಡಿದ ಕಡೆ ಇಳಿತ ಕಡಮೆ. ಮಳೆಯನ್ನೇ ನಂಬಿದ ಒಣಸೀಮೆಗಳಲ್ಲಂತೂ ಮೂರೂ ಕೂಡಿದಾಗ ಶೇಕಡ ೭.೩ರಷ್ಟು ಏರಿಕೆಯೇ ಕಂಡಿತು. ನಮ್ಮ ರಾಗಿಯ ಸೀಮೆ ಈ ಕೊನೆಯ ಗುಂಪಿಗೆ ಸೇರಿದ್ದು. ಆದರೆ ಮೂರರಲ್ಲಿ ಹೊದಿಕೆಯೊಂದನ್ನು ಕಳೆದರೆ ಲೆಕ್ಕ ತಲೆಕೆಳಗಾಗುತ್ತದೆ. ಉಳುಮೆ ನಿಲ್ಲಿಸಿದರೆ ನೆಲದಲ್ಲಿ ಇಂಗಾಲ ಕೂಡಿ ಭೂಮಿಯ ತಾಪವೇ ತಗ್ಗುತ್ತದೆಂಬ ಪ್ರಚಾರವೂ ಅತಿಯಾಯಿತು. ಆ ಇಂಗಾಲದಲ್ಲಿ ಬಹುಭಾಗ ಕೆಳಪದರದಿಂದ ಮೇಲ್ಪದರಕ್ಕೆ ಜಾಗ ಬದಲಿಸಿದ್ದೆಂದು ಪೌಲ್ಸನ್ ಮೊದಲಾದವರು ೨೦೧೪ರಲ್ಲಿ ಎಚ್ಚರಿಸಿದ್ದಾರೆ.

ಹೀಗೆ ನಾವು ಮತ್ತೆ ಹಸುವಿನ ಬಳಿಗೆ ಬಂದೆವು. ಪಂಜಾಬಿನಲ್ಲಿ ಭತ್ತದ ಕೂಳೆಯ ನಡುವೆಯೇ ಗೋಧಿಯನ್ನು ಬಿತ್ತುವ ‘ಹ್ಯಾಪಿ ಸೀಡರ್’ ಎಂಬ ಯಂತ್ರವನ್ನು ಬಳಸುತ್ತಾರೆ. ಅಲ್ಲಿಯ ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ ಹೆಚ್ಚು. ದನಗಳಿಗೆ ಗೋಧಿಯ ಹೊಟ್ಟನ್ನು ಹಾಕುತ್ತಾರೆಯೇ ಹೊರತು ಅದನ್ನು ಹಾಕುವುದು ಕಡಮೆ. ಆದ್ದರಿಂದಲೇ ಹುಲ್ಲಿಗೆ ಬೆಂಕಿಯಿಡುವ ಪಿಡುಗು ಅಲ್ಲಿ ಬೆಳೆಯಿತು. ಸುಡುವಷ್ಟು ಹುಲ್ಲಿರುವವರಿಗೆ ಹೊದಿಸಿರೆಂದು ಹೇಳುವುದು ಒಂದು ಮಾತು. ಬಣವೆಯಲ್ಲಿ ಜೋಪಾನ ಮಾಡಿ ಮಳೆಗಾಲದವರೆಗೆ ದಿನಕ್ಕೆ ಇಷ್ಟೆಂದು ಅಳೆದು ಹಾಕುವವರಿಗೆ ಹೇಳುವುದು ಬೇರೆಯೇ ಮಾತು. ರಾಗಿ ಮನೆಯ ಊಟಕ್ಕಾದರೆ, ರಾಗಿಹುಲ್ಲು ಡೇರಿಯ ಹಾಲಾಗಿ ಮಕ್ಕಳ ಕಾಲೇಜಿನ ಶುಲ್ಕವಾಗುತ್ತದೆ. ನಮ್ಮ ತರಗತಿಯಲ್ಲಿ ಕುಳಿತಿರುವ ಎಷ್ಟು ಮಂದಿಯ ಶುಲ್ಕ ಹಾಗೆ ಬಂದದ್ದೋ! ಆಫ್ರಿಕದ ಸಣ್ಣ ರೈತರನ್ನು ಕುರಿತು ೨೦೦೯ರಲ್ಲಿ ಕೆನ್ ಗಿಲ್ಲರ್ ಮತ್ತು ಸಂಗಡಿಗರು ಎತ್ತಿದ ಆಕ್ಷೇಪಗಳಲ್ಲಿ ಇದು ಮುಖ್ಯವಾದುದು. ಅವರು ಇನ್ನೊಂದನ್ನೂ ಹೇಳಿದ್ದಾರೆ. ನೇಗಿಲು ನಿಂತರೆ ಕಳೆ ಹೆಚ್ಚುತ್ತದೆ, ಕಳೆನಾಶಕಕ್ಕೆ ಹಣವಿಲ್ಲದ ಕಡೆ ಅದನ್ನು ಕೀಳುವ ಹೊರೆ ಹೆಂಗಸರ ಬೆನ್ನಿನ ಮೇಲೆ ಬೀಳುತ್ತದೆ. ನಮ್ಮ ಹಳ್ಳಿಗಳಲ್ಲಿಯೂ ಕಳೆ ಕೀಳುವವರು ಯಾರೆಂಬುದನ್ನು ಹೇಳಬೇಕಾಗಿಲ್ಲ. ಸಭೆಯಲ್ಲಿ ಅವರು ಹಿಂದೆ ಗೋಡೆಗೊರಗಿ ನಿಂತಿದ್ದರು. ನಾವು ಅವರನ್ನು ಏನೂ ಕೇಳಲಿಲ್ಲ.

ಹಾಗಾದರೆ ಕೈಬಿಡುವುದೆ? ನಮ್ಮ ಅಭಿಪ್ರಾಯದಲ್ಲಿ ಕೈಬಿಡಬಾರದು, ಕ್ರಮವನ್ನು ಬದಲಿಸಬೇಕು. ಮೊದಲು ಹೊದಿಕೆಗೆ ಬೇರೆ ಮೂಲ ಹುಡುಕಬೇಕು. ನೇಗಿಲಿನ ಮಾತು ಆಮೇಲೆ. ಬದುಗಳ ಮೇಲೆ ಹೊಂಗೆ, ಗ್ಲಿರಿಸಿಡಿಯ ಬೆಳೆಸಿದರೆ ಸೊಪ್ಪು ದೊರೆಯುತ್ತದೆ. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಾಕುವುದು ನಮ್ಮ ಹಿರಿಯರ ಪದ್ಧತಿ. ರಾಗಿ ಕೊಯ್ದ ಮೇಲೂ ಅವು ನೆಲಕ್ಕೆ ನೆರಳಾಗಿ ನಿಂತಿರುತ್ತವೆ. ರಾಗಿಯನ್ನು ಬುಡಕ್ಕೆ ಕೊಯ್ಯದೆ ಗೇಣುದ್ದ ಕೂಳೆ ಬಿಡುವುದು ಹಸುವಿಗೂ ಹೊಲಕ್ಕೂ ನಡುವಣ ಒಂದು ರಾಜಿ. ಉಳುಮೆಯನ್ನು ಪೂರ್ತಿ ನಿಲ್ಲಿಸದೆ ನಾಲ್ಕನ್ನು ಎರಡಕ್ಕೆ ಇಳಿಸಿದರೂ ಲಾಭವೇ. ಉತ್ತರದ ಎರೆಭೂಮಿಯ ರೈತರು ಪ್ರತಿವರ್ಷ ನೇಗಿಲು ಹೂಡದೆ ಕುಂಟೆಯಿಂದ ಮೇಲ್ಮಣ್ಣನ್ನಷ್ಟೇ ಸವರಿ ಬಿತ್ತುತ್ತಿದ್ದುದನ್ನು ನೆನೆದರೆ, ಕಡಮೆ ಉಳುಮೆ ನಮಗೆ ಹೊರಗಿನಿಂದ ಬಂದ ವಿದ್ಯೆಯೇನೂ ಅಲ್ಲ. ನಿಜವಾದ ಅಪಾಯ ಈಗ ಬಾಡಿಗೆಗೆ ಸುಲಭವಾಗಿ ಸಿಗುವ ರೋಟವೇಟರಿನಿಂದ. ಅದು ಒಂದು ಗಂಟೆಯಲ್ಲಿ ನೆಲವನ್ನು ಹಿಟ್ಟುಮಾಡುತ್ತದೆ, ನೋಡಲು ಅಂದವಾಗಿರುತ್ತದೆ, ಮೊದಲ ಬಿರುಮಳೆಗೆ ಹೆಪ್ಪುಗಟ್ಟುತ್ತದೆ. ಆ ಬಾಡಿಗೆ ಕೇಂದ್ರಗಳಲ್ಲಿಯೇ ಉಳದೆ ಬಿತ್ತುವ ಕೂರಿಗೆಗಳೂ ಸುಲಭವಾಗಿ ದೊರೆಯುವಂತಾಗಬೇಕು. ಎರಡೆಕರೆಯ ಒಡೆಯನು ಅದನ್ನು ಸ್ವಂತಕ್ಕೆ ಕೊಳ್ಳಲಾರನು. ೨೦೧೫–೧೬ರ ಕೃಷಿ ಗಣತಿಯಂತೆ ಭಾರತದ ಹಿಡುವಳಿಗಳಲ್ಲಿ ಶೇಕಡ ೮೬ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು.

೨೦೨೫ರ ಬೇಸಗೆಯಲ್ಲಿ ಅದೇ ಹಳ್ಳಿಗೆ ಮತ್ತೆ ಹೋದಾಗ ನಾವು ಉಪನ್ಯಾಸ ಮಾಡಲಿಲ್ಲ. ಎರಡು ತಗಡಿನ ತಟ್ಟೆಗಳಲ್ಲಿ ಆ ಹೊಲದ ಮಣ್ಣನ್ನೇ ತುಂಬಿ, ಒಂದರ ಮೇಲೆ ಒಣ ಎಲೆ ಹಾಸಿ, ಎರಡನ್ನೂ ಸಮನಾಗಿ ಓರೆಯಿಟ್ಟು, ಹೂದೋಟದ ಜರಡಿಪಾತ್ರೆಯಿಂದ ಸಮಸಮ ನೀರೆರೆದೆವು. ಹರಿದುಬಂದುದನ್ನು ಗಾಜಿನ ಲೋಟಗಳಲ್ಲಿ ಹಿಡಿದಿಟ್ಟೆವು. ಬರಿಮಣ್ಣಿನ ಲೋಟ ಕೆಂಪಾಗಿ ತುಂಬಿತು. ಇನ್ನೊಂದರಲ್ಲಿ ಸ್ವಲ್ಪವೇ ತಿಳಿನೀರು. (ಇದನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು, ಸುರಿಯುವ ನೀರನ್ನು ಅಳೆದಿಡುವುದನ್ನು ಮಾತ್ರ ಮರೆಯಬೇಡಿ.) ಪ್ರಶ್ನೆ ಕೇಳಿದ್ದ ಆ ಹಿರಿಯರು ಎರಡು ಲೋಟಗಳನ್ನೂ ಎತ್ತಿ ನೋಡಿ, ಎರಡು ಗುಂಟೆ ಬಿಟ್ಟುಕೊಡಲು ಒಪ್ಪಿದರು. ಒಂದು ಕರಾರು: ಹೊದಿಕೆ ನಮ್ಮದು, ಅವರ ಬಣವೆಯನ್ನು ಮುಟ್ಟಕೂಡದು. ವಿದ್ಯಾರ್ಥಿಗಳು ಕಾಲೇಜಿನ ಆವರಣದ ಹೊಂಗೆ ಎಲೆಗಳನ್ನು ಚೀಲಗಳಲ್ಲಿ ಹೊತ್ತರು.

ಆ ವರ್ಷ ನಮ್ಮ ಎರಡು ಗುಂಟೆಯ ರಾಗಿ ಪಕ್ಕದ ಹೊಲಕ್ಕಿಂತ ಹೆಚ್ಚೂ ಆಗಲಿಲ್ಲ, ಕಡಮೆಯೂ ಆಗಲಿಲ್ಲ. ಕಳೆ ಮಾತ್ರ ಹೆಚ್ಚಾಗಿತ್ತು. ಆ ಮನೆಯ ಸೊಸೆ ಅದನ್ನು ನಮಗೆ ಮುಖಕ್ಕೇ ಹೇಳಿದರು. ಮುಂದಿನ ಸಲ ಅಲ್ಲಿ ಹುರುಳಿಯನ್ನು ಒತ್ತಾಗಿ ಚೆಲ್ಲಿ ಕಳೆಯನ್ನು ಅಡಗಿಸಿ ನೋಡೋಣವೆಂದು ಸೂಚಿಸಿದವರೂ ಅವರೇ.