ಅಕ್ಕಿಕಾಳಿನ ಗಾತ್ರ, ಆರು ತಿಂಗಳ ಲಾಕ್-ಇನ್ (ಭಾಗ 3)

ಅಮೆರಿಕದ ಕ್ಲಿನಿಕ್‌ಗಳ ರೀಲ್ಸ್ ನಿಮ್ಮ ಫೀಡಿಗೂ ಬಂದಿರುತ್ತೆ. ಟೆಸ್ಟೋಸ್ಟೆರಾನ್ ಪೆಲೆಟ್ ಒಂದ್ಸಲ ಹಾಕಿಸ್ಕೊಳ್ಳಿ, ತಿಂಗಳುಗಟ್ಟಲೆ ಮರೆತುಬಿಡಿ ಅಂತ. ಮರೆಯೋ ಮುಂಚೆ ಇದನ್ನ ಓದಿ.

ಸೊಂಟದ ಪಕ್ಕ ಚರ್ಮ ಸ್ವಲ್ಪ ಕೊಯ್ದು, ಅಕ್ಕಿಕಾಳಿಗಿಂತ ತುಸು ದಪ್ಪದ ಗುಳಿಗೆಗಳನ್ನ ಒಳಗೆ ಇಡ್ತಾರೆ. 3ರಿಂದ 6 ತಿಂಗಳು ಅವು ಕರಗ್ತಾ ಇರುತ್ವೆ. ಬಿಕಾಂ ಭಾಷೇಲಿ ಹೇಳೋದಾದ್ರೆ ಇದು ಲಾಕ್-ಇನ್ ಇರೋ ಡೆಪಾಸಿಟ್. ದುಡ್ಡು ಮೊದಲೇ ಅವರ ಕೈಗೆ, ರಿಸ್ಕ್ ಪೂರ್ತಿ ನಮ್ಮ ಮೈಗೆ.

ಜೆಲ್ ಆದ್ರೆ ನಾಳೆನೇ ನಿಲ್ಲಿಸಬಹುದು. ಇಂಜೆಕ್ಷನ್ ಆದ್ರೆ ಮುಂದಿನ ಡೋಸ್ ಇಳಿಸಬಹುದು. ಪೆಲೆಟ್? ರಕ್ತ ಮಂದವಾಗಿ ಹಿಮಟೋಕ್ರಿಟ್ ಶೇ. 54 ದಾಟಿದ್ರೆ ಚಿಕಿತ್ಸೆ ನಿಲ್ಲಿಸಿ ಅನ್ನುತ್ತೆ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ. ಚರ್ಮದೊಳಗೆ ಕರಗ್ತಿರೋದನ್ನ ನಿಲ್ಲಿಸೋದು ಹೇಗೆ? ಮತ್ತೆ ಕೊಯ್ದೇ ತೆಗೀಬೇಕು. ಗಾಯ ಕೀವಾಗಬಹುದು, ಗುಳಿಗೆ ತಾನಾಗೇ ಹೊರಗೂ ಬರಬಹುದು.

ಹುಡುಗರೇ, ಇನ್ನೊಂದು ಮಾತು. ಹೊರಗಿನ ಟೆಸ್ಟೋಸ್ಟೆರಾನ್ ಬಂದ್ರೆ ಮಿದುಳು ವೃಷಣಕ್ಕೆ ಕಳಿಸೋ ಸಂಕೇತ ಇಳಿಯುತ್ತೆ, ವೀರ್ಯಾಣು ಕುಸಿಯುತ್ತೆ. ಇದು ಜೆಲ್, ಇಂಜೆಕ್ಷನ್‌ಗೂ ನಿಜ. ಆದ್ರೆ ಅಲ್ಲಿ ಮನಸ್ಸು ಬದಲಾಯಿಸೋಕೆ ಆಗುತ್ತೆ.

ನಿಜವಾದ ಕೊರತೆ ಇರೋರಿಗೆ ಚಿಕಿತ್ಸೆ ಬೇಕೇ ಬೇಕು, ಅದರಲ್ಲಿ ನಾಚಿಕೆ ಏನೂ ಇಲ್ಲ. ಆದ್ರೆ ಲಕ್ಷಣದ ಜೊತೆಗೆ ಎರಡು ಬೆಳಗ್ಗೆ ಖಾಲಿ ಹೊಟ್ಟೇಲಿ ರಕ್ತಪರೀಕ್ಷೆ ಆಗಿರಬೇಕು. ಬರೀ ಸುಸ್ತು ಅಂತ ಸೊಂಟ ಕೊಯ್ಯಿಸ್ಕೋಬೇಡಿ. ಶುರು ಮಾಡೋದಾದ್ರೂ ಡೋಸ್ ಬದಲಿಸೋಕೆ ಆಗೋ ದಾರಿಯಿಂದಲೇ ಶುರು ಮಾಡಿ.

ಒಂದು ವಾರದ ಜಿಮ್ ಟ್ರಯಲ್ ಕೇಳ್ತೀವಿ. ಮೈಯೊಳಗೆ ಹೋಗೋದಕ್ಕೆ ಕೇಳಬಾರದಾ?

#ಪೆಲೆಟ್ #ಗಂಡಸರಆರೋಗ್ಯ