ಪೊಟ್ಟಣದ ಸೂಪು, ಮನೆಯ ಕಟ್ಟು

ಮನೆಯಲ್ಲಿ ಯಾರಾದರೂ ಜ್ವರದಿಂದ ಮಲಗಿ ಎದ್ದರೆ, "ನಾಲ್ಕು ದಿನ ಸೂಪು ಮಾಡಿ ಕೊಡಿರಿ" ಎಂದು ವೈದ್ಯರು ಹೇಳುವುದುಂಟು. ಹಾಗೆಂದೊಡನೆ ಈಗಿನ ಗೃಹಿಣಿಯ ಕೈ ಬೇಳೆಯ ಡಬ್ಬಿಗಿಂತ ಮೊದಲು ಅಂಗಡಿಯ ಪೊಟ್ಟಣದ ಕಡೆಗೆ ಹೋಗುತ್ತದೆ. ನೀರಿಗೆ ಪುಡಿ ಹಾಕಿ ಕದಡಿ ಕುದಿಸಿದರೆ ಐದು ನಿಮಿಷದಲ್ಲಿ ಕೆಂಪಗಿನ, ಮಂದವಾದ, ಘಮಘಮಿಸುವ ಸೂಪು ಸಿದ್ಧ. ಇದು ಸೇವನೆಗೆ ಯೋಗ್ಯವೇ, ಕೊಟ್ಟ ಹಣಕ್ಕೆ ತಕ್ಕುದೇ, ಶಾಕಾಹಾರದ ನೇಮವುಳ್ಳ ನಮ್ಮ ಮನೆಗಳಿಗೆ ಸಲ್ಲುವುದೇ ಎಂಬುದು ಅನೇಕ ತಾಯಂದಿರ ಪ್ರಶ್ನೆ. ಈ ಸಲ ಅದನ್ನೇ ತುಸು ವಿಸ್ತಾರವಾಗಿ ವಿಚಾರ ಮಾಡೋಣ.

ಸೂಪು ಎಂದೊಡನೆ ಪರದೇಶದ ಪದಾರ್ಥವೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಸಂಸ್ಕೃತದಲ್ಲಿ 'ಸೂಪ'ವೆಂದರೆ ಬೇಯಿಸಿದ ಬೇಳೆಯ ರಸ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಅಡುಗೆಯ ಗ್ರಂಥದ ಹೆಸರೇ 'ಸೂಪಶಾಸ್ತ್ರ'. ಇಂಗ್ಲಿಷಿನ ಸೂಪಿಗೂ ನಮ್ಮ ಸೂಪಕ್ಕೂ ಹೆಸರಿನಲ್ಲಿ ನೆಂಟಸ್ತಿಕೆ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು. ಆದರೆ ವಸ್ತುವಿನಲ್ಲಿ ನೆಂಟಸ್ತಿಕೆ ಇದ್ದೇ ಇದೆ. ಸ್ವಿಟ್ಜರ್ಲೆಂಡಿನ ಹಿಟ್ಟಿನ ಗಿರಣಿಯ ಮಾಲೀಕ ಜೂಲಿಯಸ್ ಮ್ಯಾಗಿ ಎಂಬಾತನು 1886ರಲ್ಲಿ ಸಿದ್ಧ ಸೂಪನ್ನು ಮಾರುಕಟ್ಟೆಗೆ ತಂದಾಗ ಅದರ ಆಧಾರವು ಬಟಾಣಿ ಮತ್ತು ಅವರೆ ಜಾತಿಯ ಕಾಳುಗಳ ಹಿಟ್ಟಾಗಿತ್ತು. ಕಾರ್ಖಾನೆಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಅಡುಗೆಗೆ ಬಿಡುವಿಲ್ಲ, ಹೊಟ್ಟೆಗೆ ಸತ್ವವಿಲ್ಲ, ಅವರಿಗೆ ಬೇಗನೆ ಬೇಯುವ, ಅಗ್ಗದ, ಪುಷ್ಟಿಯುಳ್ಳ ಆಹಾರ ಬೇಕು ಎಂಬುದು ಅದರ ಹಿಂದಿನ ಉದ್ದೇಶ. ಅಂದರೆ ಪೊಟ್ಟಣದ ಸೂಪು ಹುಟ್ಟಿದಾಗ ಅದೂ ಒಂದು ಬಗೆಯ ಬೇಳೆಯ ಕಟ್ಟೇ ಆಗಿತ್ತು.

ಇಂದಿನ ಪೊಟ್ಟಣವು ಹಾಗಿಲ್ಲ. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಪಟ್ಟಿಯನ್ನು ಕನ್ನಡಕ ಹಾಕಿಕೊಂಡಾದರೂ ಓದಬೇಕು. ಯಾವ ವಸ್ತುವಿನ ತೂಕ ಹೆಚ್ಚೋ ಅದನ್ನು ಮೊದಲು, ಕಡಿಮೆಯದನ್ನು ಕೊನೆಗೆ ಬರೆಯಬೇಕೆಂಬುದು ಕಾನೂನು. ಟೊಮ್ಯಾಟೊ ಸೂಪಿನ ಅನೇಕ ಪೊಟ್ಟಣಗಳಲ್ಲಿ ಮುಸುಕಿನ ಜೋಳದ ಪಿಷ್ಟ ಅಥವಾ ಮೈದಾ, ಸಕ್ಕರೆ, ಉಪ್ಪು ಇವುಗಳೇ ಮೊದಲ ಸಾಲಿನಲ್ಲಿ ಕುಳಿತಿರುತ್ತವೆ. ಒಂದು ಬಟ್ಟಲು ಸೂಪಿಗೆ ಹಿಡಿಯುವ ಪುಡಿ ಸುಮಾರು 10ರಿಂದ 15 ಗ್ರಾಂ. ಅದರಲ್ಲಿ 3 ಗ್ರಾಂ ಟೊಮ್ಯಾಟೊ ಪುಡಿ ಇದ್ದಿತೆಂದು ಇಟ್ಟುಕೊಳ್ಳೋಣ. ಹಸಿ ಟೊಮ್ಯಾಟೊ ಹಣ್ಣಿನಲ್ಲಿ ನೂರಕ್ಕೆ 94ರಷ್ಟು ನೀರೇ ಇರುವುದರಿಂದ ಈ 3 ಗ್ರಾಂ ಎಂಬುದು 50 ಗ್ರಾಂ ಹಣ್ಣಿಗೆ, ಎಂದರೆ ಒಂದು ಚಿಕ್ಕ ಹಣ್ಣಿಗೆ ಸಮ. ಮಂದತನವನ್ನು ಕೊಟ್ಟದ್ದು ಪಿಷ್ಟ, ರುಚಿಯನ್ನು ಕೊಟ್ಟದ್ದು ಸಕ್ಕರೆ ಮತ್ತು ಉಪ್ಪು. ಇಂಥ ಬಟ್ಟಲಿನಲ್ಲಿ ಪ್ರೋಟೀನು ಒಂದೆರಡು ಗ್ರಾಂ ಮೀರುವುದು ಅಪರೂಪ. ಇದಕ್ಕೆ ಎದುರಾಗಿ, 25 ಗ್ರಾಂ ಹೆಸರುಬೇಳೆ ಬೇಯಿಸಿ ಮಸೆದು ತಿಳಿಯಾಗಿ ಮಾಡಿದ ಸಾರಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಸಿಗುತ್ತದೆ. ಆಯುರ್ವೇದದವರು ಮುದ್ಗಯೂಷವೆಂದು ರೋಗಿಗೆ ಹೇಳುತ್ತ ಬಂದದ್ದು ಈ ಹೆಸರಿನ ಕಟ್ಟನ್ನೇ. ಜ್ವರದಿಂದ ಎದ್ದವನಿಗೆ ಯಾವುದು ಪಥ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಪ್ಪಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಯಸ್ಕರಿಗೆ ದಿನವೊಂದಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದು ಸುಮಾರು ಒಂದು ಚಹಾ ಚಮಚೆ. ಪೊಟ್ಟಣದ ಮೇಲೆ 'ಉಪ್ಪು ಇಷ್ಟು' ಎಂದು ಬರೆಯದೆ 'ಸೋಡಿಯಂ ಇಷ್ಟು ಮಿಲಿಗ್ರಾಂ' ಎಂದು ಬರೆದಿರುತ್ತಾರೆ. ಆ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಬಟ್ಟಲಿಗೆ 600 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಒಂದೂವರೆ ಗ್ರಾಂ ಉಪ್ಪು. ದಿನದ ಪಾಲಿನ ಮೂರರಲ್ಲೊಂದು ಭಾಗ ಒಂದೇ ಬಟ್ಟಲಿನಲ್ಲಿ ಮುಗಿದಂತಾಯಿತು. ಆ ಅಂಕಿ 100 ಗ್ರಾಂ ಪುಡಿಗೋ, ಒಂದು ಬಟ್ಟಲಿಗೋ ಎಂಬುದನ್ನೂ ನೋಡಿಕೊಳ್ಳಬೇಕು. ರಕ್ತದೊತ್ತಡವುಳ್ಳ ಅತ್ತೆ ಮಾವಂದಿರಿಗೆ ಉಪ್ಪಿನಕಾಯಿಯ ಭರಣಿಯನ್ನು ಮರೆಮಾಡಿ, ಸಂಜೆಗೆ ಹಗುರವಾಗಲೆಂದು ಸೂಪು ಕೊಡುವ ಸೊಸೆಯಂದಿರು ಇದನ್ನು ಮುಖ್ಯವಾಗಿ ಲಕ್ಷಿಸಬೇಕು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥದನ್ನು ಮುಟ್ಟದಿರುವುದೇ ಲೇಸು.

ಇನ್ನು ಎಂ.ಎಸ್.ಜಿ. ಎಂಬ ರುಚಿಕಾರಕದ ಮಾತು. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಎಂಬ ರಸಾಯನಶಾಸ್ತ್ರಜ್ಞನು ಸಮುದ್ರದ ಪಾಚಿಯ ಕಷಾಯದಿಂದ ಇದರ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದನು. ಹಣ್ಣಾದ ಟೊಮ್ಯಾಟೊದಲ್ಲಿಯೂ ಗ್ಲುಟಮೇಟು ಸಹಜವಾಗಿಯೇ ಇದೆ. 1968ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಪತ್ರವೊಂದರಿಂದ ಇದರ ಬಗೆಗೆ ಭಯ ಹಬ್ಬಿತು. ಮುಂದೆ ನಡೆದ ಪರೀಕ್ಷೆಗಳಲ್ಲಿ ಆ ಭಯಕ್ಕೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಆದುದರಿಂದ ಇದನ್ನು ವಿಷವೆಂದು ಸಾರುವವರ ಜೊತೆಗೆ ನಾವು ದನಿಗೂಡಿಸಲಾರೆವು. ನಮ್ಮ ಆಕ್ಷೇಪ ಬೇರೆ. ಸತ್ವವಿಲ್ಲದ ನೀರನ್ನೂ ಇದು ಸತ್ವವುಳ್ಳದ್ದೆಂದು ನಾಲಗೆಗೆ ನಂಬಿಸುತ್ತದೆ. 'ಎಂ.ಎಸ್.ಜಿ. ಸೇರಿಸಿಲ್ಲ' ಎಂದು ದಪ್ಪಕ್ಷರಗಳಲ್ಲಿ ಬರೆದ ಪೊಟ್ಟಣದ ಹಿಂಬದಿಯಲ್ಲಿ ಯೀಸ್ಟ್ ಸಾರವೋ ಹೈಡ್ರೊಲೈಸ್ಡ್ ತರಕಾರಿ ಪ್ರೋಟೀನೋ ಇದ್ದರೆ, ಅದೇ ಗ್ಲುಟಮೇಟು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ ಎಂದು ತಿಳಿಯತಕ್ಕದ್ದು. ಕೆಡದಂತೆ ಕಾಪಾಡಲು ಏನೇನೋ ಔಷಧ ಬೆರೆಸಿರುತ್ತಾರೆಂಬ ಇನ್ನೊಂದು ಅಂಜಿಕೆಯೂ ಇದೆ. ಒಣಪುಡಿಯು ಬಹುಕಾಲ ಉಳಿಯುವುದು ಅದರಲ್ಲಿ ತೇವವಿಲ್ಲದ ಕಾರಣ. ಹಪ್ಪಳ ಸಂಡಿಗೆ ವರ್ಷವಿಡೀ ಉಳಿಯುವುದಿಲ್ಲವೇ?

ನಮ್ಮ ಮನೆತನಗಳಿಗೆ ಎಲ್ಲಕ್ಕೂ ಮಿಗಿಲಾದ ಪ್ರಶ್ನೆ ಶಾಕಾಹಾರದ್ದು. ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ಪದಾರ್ಥದಲ್ಲಿ ಏನಿದೆಯೆಂದು ತಿಳಿದಿರಲೇಬೇಕು. ಪಟ್ಟಿಯಲ್ಲಿ 627, 631, 635 ಎಂಬ ಅಂಕಿಗಳು ಕಂಡರೆ ಅವು ಎಂ.ಎಸ್.ಜಿ.ಯ ರುಚಿಯನ್ನು ಇಮ್ಮಡಿಸುವ ವಸ್ತುಗಳು. ಇವುಗಳಲ್ಲಿ 631 ಎಂಬುದು ಡೈಸೋಡಿಯಂ ಇನೋಸಿನೇಟ್. ಮರಗೆಣಸಿನ ಪಿಷ್ಟದಂಥ ಸಸ್ಯಮೂಲದ ವಸ್ತುವನ್ನು ಹುಳಿಯಿಸಿಯೂ ಇದನ್ನು ತಯಾರಿಸಬಹುದು, ಮೀನು ಮಾಂಸಗಳಿಂದಲೂ ತಯಾರಿಸಬಹುದು. ಅಂಕಿಯನ್ನು ಮಾತ್ರ ನೋಡಿದರೆ ಯಾವುದರಿಂದ ಬಂತೆಂದು ತಿಳಿಯದು. ಈ ಸಂಗತಿ ದೆಹಲಿ ಉಚ್ಚ ನ್ಯಾಯಾಲಯದವರೆಗೂ ಹೋಗಿ, ವಸ್ತುವಿನ ಪ್ರಮಾಣ ಎಷ್ಟೇ ಅಲ್ಪವಾಗಿರಲಿ, ಅದು ಸಸ್ಯದಿಂದ ಬಂದುದೋ ಪ್ರಾಣಿಯಿಂದ ಬಂದುದೋ ಎಂಬುದನ್ನು ತಿಳಿಸಲೇಬೇಕೆಂದು 2021ರ ಡಿಸೆಂಬರಿನಲ್ಲಿ ಆಜ್ಞೆಯಾಯಿತು. ನಮ್ಮ ದೇಶದಲ್ಲಿ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯು ಶಾಕಾಹಾರದ ಗುರುತು. ಹಾಲು, ಜೇನು ಇದಕ್ಕೆ ಸಲ್ಲುತ್ತವೆ, ಮೊಟ್ಟೆ ಸಲ್ಲದು. ಮಾಂಸಾಹಾರದ ಗುರುತು ಮೊದಲು ಕಂದು ಬಣ್ಣದ ಚುಕ್ಕೆಯೇ ಆಗಿದ್ದು, 2020ರ ನಿಯಮಗಳಲ್ಲಿ ಅದನ್ನು ತ್ರಿಕೋನವಾಗಿ ಬದಲಿಸಿದ್ದಾರೆ. ಬಣ್ಣ ಗುರುತಿಸಲಾರದವರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಹಸಿರು ಚುಕ್ಕೆ ಇಲ್ಲದ ಪೊಟ್ಟಣವನ್ನು, ಅಂಗಡಿಯವನು ಎಷ್ಟೇ ಭರವಸೆ ಕೊಡಲಿ, ಮನೆಗೆ ತರಬಾರದು.

ಓದಿಗೋ ಉದ್ಯೋಗಕ್ಕೋ ಹೊರದೇಶಕ್ಕೆ ಹೋಗುವ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಅಮೆರಿಕದಲ್ಲಿ ಇಂಥ ಚುಕ್ಕೆಯ ಕಾನೂನಿಲ್ಲ. 1897ರಲ್ಲಿ ಜಾನ್ ಡಾರೆನ್ಸ್ ಎಂಬ ರಸಾಯನಶಾಸ್ತ್ರಜ್ಞನು ನೀರು ಕಡಿಮೆ ಮಾಡಿ ಗಟ್ಟಿಯಾಗಿಸಿದ ಸೂಪನ್ನು ಡಬ್ಬಿಯಲ್ಲಿ ತುಂಬುವ ವಿಧಾನವನ್ನು ರೂಢಿಗೆ ತಂದಂದಿನಿಂದ ಅಲ್ಲಿ ಡಬ್ಬಿಯ ಸೂಪು ಬಡವ ಬಲ್ಲಿದರೆನ್ನದೆ ಎಲ್ಲರ ಮನೆಯಲ್ಲಿದೆ. ಆದರೆ 'ತರಕಾರಿ ಸೂಪು' ಎಂದು ಡಬ್ಬಿಯ ಮೇಲೆ ಗಜ್ಜರಿ, ಬಟಾಣಿಗಳ ಚಿತ್ರವಿದ್ದರೂ ಒಳಗಿನ ರಸವು ದನದ ಮಾಂಸ ಬೇಯಿಸಿದ ನೀರಾಗಿರಬಹುದು. ಈರುಳ್ಳಿ ಸೂಪಿನದೂ ಅದೇ ಕಥೆ. ತರಕಾರಿ ಎಂಬ ಮಾತು ಬೇರೆ, ಶಾಕಾಹಾರ ಎಂಬ ಮಾತು ಬೇರೆ. ಎರಡನೆಯದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಕೊಳ್ಳತಕ್ಕದ್ದು. ಯಾವುದೇ ಡಬ್ಬಿ ಉಬ್ಬಿಕೊಂಡಿದ್ದರೆ ರುಚಿ ನೋಡುವ ಸಾಹಸವನ್ನೂ ಮಾಡದೆ ಎಸೆದುಬಿಡಬೇಕು. ಅದು ಪ್ರಾಣಾಪಾಯದ ಸಂಗತಿ.

ಹಾಗಾದರೆ ಪೊಟ್ಟಣವನ್ನು ಮನೆಯೊಳಗೆ ಬಿಟ್ಟುಕೊಳ್ಳಲೇಬಾರದೇ? ಅಷ್ಟು ಕಠಿಣವಾಗಿ ನಾವು ಹೇಳುವುದಿಲ್ಲ. ಮಳೆಗಾಲದ ಸಂಜೆ, ಆರೋಗ್ಯವಂತರಾದ ಮಕ್ಕಳು ಆಸೆಪಟ್ಟರೆ, ಹಸಿರು ಚುಕ್ಕೆ ನೋಡಿ ತಂದು, ಹೇಳಿದ್ದಕ್ಕಿಂತ ಹೆಚ್ಚು ನೀರು ಹಾಕಿ, ಬೇಯಿಸಿದ ಗಜ್ಜರಿ, ಹುರುಳಿಕಾಯಿ, ಒಂದು ಹಿಡಿ ಬೇಳೆ ಸೇರಿಸಿ ಕೊಟ್ಟರೆ ಕೆಡುಕಿಲ್ಲ. ಅದನ್ನು ರೋಗಿಯ ಆಹಾರವೆಂದೂ, ರಾತ್ರಿಯ ಊಟಕ್ಕೆ ಬದಲೆಂದೂ ಎಣಿಸುವುದು ಸಲ್ಲದು. ಹೋಳಿಗೆಯ ದಿನ ಬೇಳೆ ಬಸಿದು ಉಳಿದ ಕಟ್ಟು, ಮಲೆನಾಡಿನವರು ಹೊತ್ತುಗಟ್ಟಲೆ ಕುದಿಸಿ ಇಳಿಸುವ ಹುರುಳಿಯ ಕಟ್ಟು, ನುಗ್ಗೆಸೊಪ್ಪಿನ ಸಾರು ಇವುಗಳನ್ನು ಬಟ್ಟಲಿಗೆ ಹಾಕಿ ಚಮಚೆ ಇಟ್ಟು ಕೊಟ್ಟರೆ ಮಕ್ಕಳು ಸೂಪೆಂದೇ ಕುಡಿಯುತ್ತಾರೆ. ಬಟ್ಟಲಿನ ಅಂದಕ್ಕೂ ಒಂದು ಬೆಲೆಯಿದೆ.

ಅವಸರವೇ ಕಾರಣವೆಂದಾದರೆ ಮನೆಯಲ್ಲಿಯೇ ಪುಡಿ ಮಾಡಿಟ್ಟುಕೊಳ್ಳಬಹುದು. ಕಾಲು ಕಿಲೋ ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ಎರಡು ಚಮಚೆ ಜೀರಿಗೆ, ಒಂದು ಚಮಚೆ ಕಾಳುಮೆಣಸು, ನೆರಳಲ್ಲಿ ಒಣಗಿಸಿದ ಒಂದು ಹಿಡಿ ಕರಿಬೇವು ಇವನ್ನೂ ಬೆಚ್ಚಗೆ ಮಾಡಿ, ಚಿಟಿಕೆ ಅರಿಸಿನದೊಡನೆ ನುಣ್ಣಗೆ ಬೀಸಿ, ತೇವವಿಲ್ಲದ ಗಾಜಿನ ಭರಣಿಯಲ್ಲಿ ತುಂಬಿಡಬೇಕು. ದೊಡ್ಡ ಬಟ್ಟಲು ನೀರಿಗೆ ಎರಡು ಚಮಚೆ ಪುಡಿಯನ್ನು ತಣ್ಣೀರಿನಲ್ಲಿ ಕದಡಿ ಹಾಕಿ, ಏಳೆಂಟು ನಿಮಿಷ ಕುದಿಸಿ, ಇಳಿಸಿದ ಮೇಲೆ ನಿಂಬೆಹುಳಿ ಹಿಂಡಬೇಕು. ಪುಡಿಯಲ್ಲಿ ಉಪ್ಪು ಬೆರೆಸಬಾರದು. ಕುದಿಸುವಾಗ ಅವರವರಿಗೆ ಸಲ್ಲುವಷ್ಟು ಹಾಕಿಕೊಂಡರೆ ರಕ್ತದೊತ್ತಡದ ಅಜ್ಜನಿಗೂ, ವಸತಿನಿಲಯದಲ್ಲಿರುವ ಮೊಮ್ಮಗಳಿಗೂ ಒಂದೇ ಭರಣಿ ಸಾಕಾಗುತ್ತದೆ.